ಗಾಜು ಒಡೆದವರು, ಹೊಟ್ಟೆಗೆ ಹೊಡೆದವರು

2020ರ ಡಿಸೆಂಬರ್ 12, ಶನಿವಾರ. ಕೋಲಾರ ಜಿಲ್ಲೆಯ ನರಸಾಪುರದಲ್ಲಿ ಐಫೋನ್ ಜೋಡಿಸುತ್ತಿದ್ದ ವಿಸ್ಟ್ರಾನ್ ಕಾರ್ಖಾನೆಯ ಹುಡುಗರು ರಾತ್ರಿ ಪಾಳಿ ಮುಗಿಸಿ ಹೊರಬಂದವರು ಗಾಜು ಒಡೆದರು, ವಾಹನ ಮಗುಚಿದರು, ಬೆಂಕಿ ಇಟ್ಟರು. ಪ್ರಧಾನಿಯವರಿಗೂ ಬಹಳ ಆತಂಕವಾಗಿದೆ ಎಂದು ಮುಖ್ಯಮಂತ್ರಿ ಯಡಿಯೂರಪ್ಪನವರು ಹೇಳಿದರು. ಆಗಲಿ, ಆತಂಕ ಪಡಲಿ. ಆದರೆ ಅಕ್ಟೋಬರ್, ನವೆಂಬರ್ ತಿಂಗಳಲ್ಲಿ ಅದೇ ಹುಡುಗರಿಗೆ ಸಂಬಳ ಸರಿಯಾಗಿ ಬರದೇ ಇದ್ದಾಗ ಈ ಆತಂಕ ಎಲ್ಲಿ ಮಲಗಿತ್ತು? ಗಾಜು ಒಡೆದರೆ ದಿಲ್ಲಿಗೆ ಕೇಳಿಸುತ್ತೆ. ಸಂಬಳ ಮುರಿದರೆ ಕೋಲಾರದ ಲೇಬರ್ ಆಫೀಸಿಗೂ ಕೇಳಿಸೋದಿಲ್ಲ.

ಇಂಜಿನಿಯರಿಂಗ್ ಓದಿದವರಿಗೆ 21,000 ಅಂತ ಹೇಳಿ ಕರೆದುಕೊಂಡು, ಮೊದಲು 16,000, ಆಮೇಲೆ 12,000 ಕೈಗಿಟ್ಟರು ಎಂದು ಪತ್ರಿಕೆಗಳು ಆಗಲೇ ಬರೆದವು. ಉಳಿದವರ ಪಾಡು ಇನ್ನೂ ಕಡೆ. ಎಂಟು ಗಂಟೆಯ ಪಾಳಿ ಹನ್ನೆರಡು ಗಂಟೆ ಆಯಿತು. ಹೆಚ್ಚಿನ ದುಡಿಮೆಯ ಲೆಕ್ಕ ಹಾಜರಿ ಯಂತ್ರದಲ್ಲೇ ಕಳೆದುಹೋಯಿತು. ಇದನ್ನು ನಾವು ಹೊಟ್ಟೆಕಿಚ್ಚಿಗೆ ಹೇಳ್ತಿಲ್ಲ. ದುಡಿಮೆಯ ವೇಳೆಯ ಲೆಕ್ಕ ಸರಿಯಾಗಿ ಇಡಲಿಲ್ಲ, ಅದರಿಂದ ಸಂಬಳ ತಡವಾಯಿತು ಎಂದು ಆಪಲ್ ಕಂಪನಿಯೇ ಆ ತಿಂಗಳು ಒಪ್ಪಿಕೊಂಡಿತು. ವಿಸ್ಟ್ರಾನ್ ಕ್ಷಮೆ ಕೇಳಿ, ಭಾರತದ ವ್ಯವಹಾರ ನೋಡುತ್ತಿದ್ದ ತನ್ನ ಉಪಾಧ್ಯಕ್ಷನನ್ನು ತೆಗೆಯಿತು.

ಇನ್ನೊಂದು ಲೆಕ್ಕ ನೋಡಿ. ಪೊಲೀಸರ ಮುಂದೆ ಕಂಪನಿ ಬರೆದುಕೊಟ್ಟ ನಷ್ಟ 437 ಕೋಟಿ ರೂಪಾಯಿ. ಆಮೇಲೆ ತೈವಾನ್‌ನಲ್ಲಿ ತನ್ನ ಷೇರುದಾರರ ಮುಂದೆ ಹೇಳಿದ್ದು 26ರಿಂದ 52 ಕೋಟಿ. ಪೊಲೀಸರಿಗೆ ಒಂದು ಬಾಯಿ, ಸಾಹುಕಾರರಿಗೆ ಒಂದು ಬಾಯಿ. ಮೊದಲ ಬಾಯಿ ನುಡಿದ ಮೇಲೆ ನೂರೈವತ್ತರಷ್ಟು ಹುಡುಗರು ಜೈಲು ಸೇರಿದರು. ಕಂಪನಿಯನ್ನು ಆಪಲ್ 'ಪ್ರೊಬೇಷನ್' ಮೇಲೆ ಇಟ್ಟಿತು. ಅಂದರೆ, ತಿದ್ದಿಕೊಳ್ಳೋವರೆಗೂ ಹೊಸ ಕೆಲಸ ಕೊಡೋದಿಲ್ಲ ಅಂತ. ತಪ್ಪು ಎರಡೂ ಕಡೆ ಇತ್ತು ಅಂತಲೇ ಇಟ್ಟುಕೊಳ್ಳೋಣ. ಒಬ್ಬನಿಗೆ ಕೈಕೋಳ, ಇನ್ನೊಬ್ಬನಿಗೆ ಪ್ರೊಬೇಷನ್ನು. ಇದು ಯಾವ ಮನುವಿನ ಶಾಸ್ತ್ರ ಸ್ವಾಮಿ?

ಗೆಳೆಯರೇ, ಬೆಂಕಿ ಇಟ್ಟದ್ದು ಸರಿ ಅಂತ ವಾದಿಸೋಕೆ ನಾನು ಕೂತಿಲ್ಲ. ನನ್ನ ಪ್ರಶ್ನೆ ಬೇರೆ. ಆ ಹುಡುಗರು ತಮ್ಮ ಸಂಬಳವನ್ನು ಯಾರ ಹತ್ತಿರ ಕೇಳಬೇಕಿತ್ತು?

ಕಾರ್ಖಾನೆಯಲ್ಲಿ ಹತ್ತು ಸಾವಿರಕ್ಕೂ ಮೇಲ್ಪಟ್ಟು ಜನ. ಅದರಲ್ಲಿ ಕಾಯಂ ಆದವರು ಸಾವಿರ ಚಿಲ್ಲರೆ. ಮಿಕ್ಕವರೆಲ್ಲ ಗುತ್ತಿಗೆ ಏಜೆನ್ಸಿಗಳ ಆಳುಗಳು. ಏಜೆನ್ಸಿಯವನನ್ನು ಕೇಳಿದರೆ ವಿಸ್ಟ್ರಾನ್ ಹಣ ಕೊಟ್ಟಿಲ್ಲ ಅನ್ನಬಹುದು. ವಿಸ್ಟ್ರಾನನ್ನು ಕೇಳಿದರೆ ನೀನು ನಮ್ಮವನಲ್ಲ, ಏಜೆನ್ಸಿಯವನು ಅನ್ನಬಹುದು. ಆಪಲ್? ಅದು ಕ್ಯಾಲಿಫೋರ್ನಿಯಾದಲ್ಲಿದೆ. ಅದೇ 2020ರ ಆಗಸ್ಟ್‌ನಲ್ಲಿ ಅದರ ಷೇರುಗಳ ಒಟ್ಟು ಬೆಲೆ ಎರಡು ಲಕ್ಷ ಕೋಟಿ ಡಾಲರ್ ದಾಟಿತ್ತು. ಗುತ್ತಿಗೆದಾರ ಕೂಲಿ ಕೊಡದಿದ್ದರೆ ಮೂಲ ಮಾಲೀಕನೇ ಕೊಡಬೇಕು ಅಂತ 1970ರ ಗುತ್ತಿಗೆ ಕಾರ್ಮಿಕರ ಕಾಯ್ದೆ ಹೇಳಿತ್ತು. ಆ ಕಾಯ್ದೆಯ ಕೈ ವಿಸ್ಟ್ರಾನ್‌ವರೆಗೆ ಚಾಚುತ್ತಿತ್ತು. ಚಾಚಿಸೋರು ಇರಲಿಲ್ಲ. ಆದರೆ ಫೋನಿನ ಬೆನ್ನ ಮೇಲೆ ಯಾರ ಗುರುತಿದೆಯೋ, ಲಾಭದ ಸಿಂಹಪಾಲು ಯಾರಿಗೆ ಹೋಗುತ್ತೋ, ಅವರವರೆಗೆ ಆ ಕೈ ಚಾಚುತ್ತಲೇ ಇರಲಿಲ್ಲ.

ಇದು ನಮ್ಮ ಕೇರಿಗಳಿಗೆ ಹೊಸದೇನಲ್ಲ. ಗೌಡನ ಹೊಲದಲ್ಲಿ ದುಡಿದವನಿಗೆ ಗೌಡನ ಜಗಲಿ ಹತ್ತೋ ಹಾಗಿರಲಿಲ್ಲ. ಕೂಲಿ ಅಳೆಯೋನು ಇನ್ನೊಬ್ಬ, ಬೈಯೋನು ಮತ್ತೊಬ್ಬ. ನಾವು ಬೆಳೆದ ರಾಗಿಗೆ ಮೈಲಿಗೆ ಇಲ್ಲ, ಬೆಳೆದ ಕೈಗೆ ಮೈಲಿಗೆ. ಇವತ್ತು ಫೋನಿನ ಒಂದೊಂದು ಭಾಗವನ್ನೂ ನಮ್ಮ ಹುಡುಗ ಹುಡುಗಿಯರ ಬೆರಳು ಮುಟ್ಟಿರುತ್ತೆ. ಆ ಬೆರಳಿನವರು ನಮ್ಮ ನೌಕರರು ಅಂತ ಹೇಳೋಕೆ ಮಾತ್ರ ಕಂಪನಿಗೆ ಮೈಲಿಗೆ. ಏಜೆನ್ಸಿಯ ಪಟ್ಟಿಯಲ್ಲಿ ಮೀಸಲಾತಿಯೂ ಇಲ್ಲ. ಸಂವಿಧಾನ ಗೇಟಿನ ಹತ್ತಿರ ಚಪ್ಪಲಿ ಬಿಟ್ಟ ಹಾಗೆ ಹೊರಗೇ ಉಳೀತದೆ.

ಊರಲ್ಲಿ ಕೆಲಸ ಬಂತಲ್ಲ, ನಿಮ್ಮದು ಯಾವಾಗಲೂ ಅಪಶಕುನದ ಮಾತು ಅಂತಾರೆ ಕೆಲವರು. ಒಪ್ಪಿಕೊಳ್ಳೋಣ, ಕೆಲಸ ಬಂತು. ಯಾರದೋ ಹೊಲದಲ್ಲಿ ಕಳೆ ಕೀಳೋ ಬದಲು ತನ್ನ ಹೆಸರಿನ ಬ್ಯಾಂಕ್ ಖಾತೆಗೆ ಸಂಬಳ ತರಿಸಿಕೊಳ್ಳೋ ಹುಡುಗಿಯ ನಡಿಗೆಯೇ ಬೇರೆ. ಕಾರ್ಖಾನೆ ಎದ್ದು ಹೋಗಲಿ ಅಂತ ನಾವು ಯಾರೂ ಹರಕೆ ಹೊತ್ತಿಲ್ಲ. ಕೆಲಸ ಕೊಟ್ಟ ಉಪಕಾರಕ್ಕೆ ಬಾಯಿ ಮುಚ್ಚಿಕೊಂಡಿರಬೇಕು ಅಂದರೆ ಅದು ಜೀತ. ಜೀತವನ್ನು 1976ರಲ್ಲೇ ಕಾನೂನು ರದ್ದು ಮಾಡಿದೆ.

ನರಸಾಪುರದಿಂದ ಸರ್ಕಾರ ಕಲಿತದ್ದಾದರೂ ಏನು? ಹನ್ನೆರಡು ಗಂಟೆ ದುಡಿಸಿದ್ದು ಅಲ್ಲಿಯ ರೋಗ ತಾನೆ? 2023ರಲ್ಲಿ ಕರ್ನಾಟಕ ಸರ್ಕಾರ ಕಾರ್ಖಾನೆ ಕಾಯ್ದೆ ತಿದ್ದಿ, ದಿನಕ್ಕೆ ಹನ್ನೆರಡು ಗಂಟೆ ದುಡಿಸಲು ಅವಕಾಶ ಕೊಟ್ಟಿತು. ರೋಗವನ್ನೇ ಕಾಯ್ದೆ ಮಾಡಿದರೆ ರೋಗಿ ಇರೋದಿಲ್ಲವಲ್ಲ! ಆಪಲ್ ಮತ್ತು ಫಾಕ್ಸ್‌ಕಾನ್ ಕಂಪನಿಗಳ ಒತ್ತಾಯ ಇದರ ಹಿಂದಿತ್ತು ಎಂದು ವಿದೇಶದ ಪತ್ರಿಕೆಯೇ ಬರೆಯಿತು. ವಾರಕ್ಕೆ 48 ಗಂಟೆ ಅನ್ನೋದು ಹಾಗೇ ಇದೆ, ಕಾರ್ಮಿಕನ ಲಿಖಿತ ಒಪ್ಪಿಗೆ ಬೇಕು ಅಂತಲೂ ಇದೆ ಅಂದರು. ನಾಳೆ ಬರಬೇಡ ಅಂದರೆ ಮುಗಿದುಹೋಗೋ ಕೆಲಸದಲ್ಲಿರೋನ ಒಪ್ಪಿಗೆ ಎಂಥದ್ದು? ವೈಸರಾಯ್ ಮಂಡಲಿಯಲ್ಲಿ 1942ರಿಂದ ಕಾರ್ಮಿಕ ಖಾತೆ ಹೊತ್ತ ಬಾಬಾಸಾಹೇಬರ ಕಾಲದಲ್ಲಿ ವಾರದ ದುಡಿಮೆಯನ್ನು 48 ಗಂಟೆಗೆ ಇಳಿಸಿದ್ದು. ಅಂಬೇಡ್ಕರ್ ಜಯಂತಿಗೆ ಹಾರ ಹಾಕೋ ಕೈಗಳೇ ಈ ತಿದ್ದುಪಡಿಗೂ ಮೇಲೆದ್ದವು. 2025ರ ನವೆಂಬರ್ 21ಕ್ಕೆ ಕೇಂದ್ರದ ನಾಲ್ಕು ಕಾರ್ಮಿಕ ಸಂಹಿತೆಗಳೂ ಜಾರಿಗೆ ಬಂದವು. ಹಳೆಯ ಕಾರ್ಖಾನೆ ಕಾಯ್ದೆ, ಗುತ್ತಿಗೆ ಕಾಯ್ದೆ ಎಲ್ಲ ಅದರೊಳಗೆ ಕರಗಿದವು.

ಕೋಲಾರದ ಮಣ್ಣಿಗೆ ಈ ಆಟ ಗೊತ್ತು. ಕೆಜಿಎಫ್‌ನಲ್ಲಿ ಬ್ರಿಟಿಷ್ ಕಂಪನಿ ಮೂರು ಕಿಲೋಮೀಟರಿಗೂ ಆಳಕ್ಕೆ ನಮ್ಮವರನ್ನು ಇಳಿಸಿತು. ಅವರಲ್ಲಿ ಬಹುಪಾಲು ತಮಿಳು ಸೀಮೆಯಿಂದ ಬಂದ ದಲಿತರು. ಶಿವನಸಮುದ್ರದ ವಿದ್ಯುತ್ 1902ರಲ್ಲೇ ಗಣಿಗೆ ಬಂತು. ಬೆಂಗಳೂರಿನ ಬೀದಿಗೇ ದೀಪ ಬಂದದ್ದು 1905ರಲ್ಲಿ. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಚಿನ್ನ ಹೋಯಿತು, ಸಯನೈಡ್ ಮಣ್ಣಿನ ಗುಡ್ಡಗಳು ಉಳಿದವು. ಗಾಳಿ ಬೀಸಿದಾಗ ಆ ದೂಳು ಕಾರ್ಮಿಕರ ಲೈನ್ ಮನೆಗಳ ಮೇಲೆ ಬೀಳುತ್ತೆ.

ನೀರಿನ ಕತೆಯೂ ಅಷ್ಟೆ. ವರ್ಷವೆಲ್ಲಾ ಹರಿಯೋ ನದಿ ಇಲ್ಲದ ಜಿಲ್ಲೆ ಇದು. ಸಾವಿರ ಅಡಿ ಕೊರೆದರೂ ಫ್ಲೋರೈಡ್ ನೀರು. 2018ರಿಂದ ಬೆಂಗಳೂರಿನ ಚರಂಡಿ ನೀರನ್ನು ಎರಡು ಹಂತ ಶುದ್ಧಿ ಮಾಡಿ ನಮ್ಮ ಕೆರೆಗಳಿಗೆ ಬಿಟ್ಟರು. ಆ ಜುಲೈನಲ್ಲೇ ಲಕ್ಷ್ಮೀಸಾಗರ ಕೆರೆ ನೊರೆ ಎದ್ದಿತು. ನರಸಾಪುರದ ಕೆರೆಯೂ ಅದೇ ಸಾಲಿನದು. ಬತ್ತಿದ ಕೊಳವೆಬಾವಿಗೆ ನೀರು ಬಂತು ಅಂತ ಖುಷಿಪಟ್ಟ ರೈತರೂ ಇದ್ದಾರೆ, ಅದನ್ನೂ ಮುಚ್ಚಿಡೋದಿಲ್ಲ. ಮೂರನೇ ಹಂತದ ಶುದ್ಧೀಕರಣ ಮಾಡಿ ಅಂತ ಕೇಳಿದರೆ ಮಾತ್ರ ದುಡ್ಡಿನ ಮಾತು ಬರುತ್ತೆ. ಹೈಟೆಕ್ ನಗರದ ಹೇಲು ನೀರು ನಮ್ಮ ಕೆರೆಗೆ, ಹೈಟೆಕ್ ಫೋನಿನ ರಾತ್ರಿ ಪಾಳಿ ನಮ್ಮ ಮಕ್ಕಳಿಗೆ.

ನರಸಾಪುರದ ಕಾರ್ಖಾನೆ 2023ರಲ್ಲಿ ಟಾಟಾ ಕಂಪನಿಯ ಕೈಸೇರಿತು. ಬೋರ್ಡು ಬದಲಾಗಿದೆ. ಹಳ್ಳಿಶಾಲೆಯ ಮೇಷ್ಟ್ರುಗಳಿಗೆ, ಕಾಲೇಜಿನ ಹುಡುಗರಿಗೆ ಒಂದು ಮಾತು ಹೇಳಿ ನಿಲ್ಲಿಸ್ತೀನಿ. ನಿಮ್ಮ ಹಳೇ ವಿದ್ಯಾರ್ಥಿ, ನಿಮ್ಮ ತಂಗಿ, ಇಂಥ ಕಾರ್ಖಾನೆಯಿಂದ ಹಬ್ಬಕ್ಕೆ ಊರಿಗೆ ಬಂದಾಗ ಅವರ ಸಂಬಳದ ಚೀಟಿ ಕೇಳಿ ನೋಡಿ. ಮೇಲೆ ಯಾರ ಹೆಸರಿದೆ, ಪಿಎಫ್ ಯಾರು ಕಟ್ಟಿದ್ದಾರೆ, ಓಟಿಗೆ ಎರಡು ಪಟ್ಟು ಹಾಕಿದ್ದಾರಾ ಅಂತ ಜೊತೆಗೆ ಕೂತು ಓದಿ. ಹತ್ತು ಚೀಟಿ ಸೇರಿದರೆ ಕೋಲಾರದ ಲೇಬರ್ ಆಫೀಸಿಗೆ ಒಟ್ಟಿಗೆ ಹೋಗೋಣ.