ಸುಮ್ಮನೆ ಕೂತ ಗಿಳಿ ಸಾಧುವಲ್ಲ

ಹಿಂದೂಪುರ: ಇಲ್ಲಿಂದ ಕಲ್ಯಾಣದುರ್ಗದವರೆಗೆ ಎಷ್ಟೋ ಮನೆಗಳ ಪಡಸಾಲೆಯಲ್ಲಿ ಈಗ ಒಂದು ಪುಟ್ಟ ಪಂಜರ ನೇತಾಡುತ್ತಿದೆ. ಪಾವಗಡ, ಗೌರಿಬಿದನೂರು ಕಡೆಯ ನೆಂಟರು ಮಕ್ಕಳಿಗೆ ಅಂತ ತಂದುಕೊಡುವುದೂ ಉಂಟು. ‘ಲವ್ ಬರ್ಡ್ಸ್’ ಅಂತ ಮಾರುವ ಈ ಹಕ್ಕಿ ಅಸಲಿಗೆ ಆಸ್ಟ್ರೇಲಿಯಾದ ಬಜರಿಗರ್ ಗಿಳಿ. ನಿಜವಾದ ಲವ್ ಬರ್ಡ್ಸ್ ಆಫ್ರಿಕಾದವು. ಹೆಸರು ತಪ್ಪಿದರೆ ನಷ್ಟವಿಲ್ಲ, ಸ್ವಭಾವ ತಿಳಿಯದಿದ್ದರೆ ಹಕ್ಕಿಯ ಪ್ರಾಣಕ್ಕೇ ಸಂಚಕಾರ.

ಅದರ ತವರು ಅನಂತಪುರ ಸೀಮೆಯಂಥದೇ ಬರದ ನಾಡು. ಮಳೆ ಬಿದ್ದ ಕಡೆ, ಹುಲ್ಲಿನ ಬೀಜ ಸಿಕ್ಕ ಕಡೆ ಸಾವಿರಾರು ಹಕ್ಕಿಗಳು ಗುಂಪುಗೂಡಿ ಹೋಗುತ್ತವೆ. ಗುಂಪಿನಲ್ಲಿ ಸೊರಗಿದ್ದು ಗಿಡುಗನ ಕಣ್ಣಿಗೆ ಮೊದಲು ಬೀಳುತ್ತದೆ. ಅದಕ್ಕೇ ಕಾಯಿಲೆಯಾದರೂ ಈ ಹಕ್ಕಿ ತೋರಗೊಡುವುದಿಲ್ಲ. ಗರಿ ಉಬ್ಬಿಸಿಕೊಂಡು ಮೂಲೆಯಲ್ಲಿ ಕೂತರೆ ಮನೆಯವರು ‘ಪಾಪ, ಬಹಳ ಸಾಧು’ ಅಂತಾರೆ. ಅಷ್ಟೊತ್ತಿಗೆ ಎಷ್ಟೋ ಸಲ ಕಾಯಿಲೆ ಕೈಮೀರಿರುತ್ತದೆ.

ಕಾಳಿನ ಬಟ್ಟಲದ್ದೂ ಇದೇ ಕಥೆ. ಹಕ್ಕಿ ಸಿಪ್ಪೆ ಸುಲಿದು ತಿರುಳು ಮಾತ್ರ ತಿನ್ನುತ್ತದೆ, ಹೊಟ್ಟು ಅಲ್ಲೇ ಉಳಿಯುತ್ತದೆ. ಬಟ್ಟಲು ತುಂಬಿದೆ ಅಂದುಕೊಂಡು ಎರಡು ದಿನ ಬಿಟ್ಟರೆ ಅದು ಉಪವಾಸ. ದಿನಾ ಊದಿ ನೋಡಬೇಕು. ನವಣೆ, ಸಜ್ಜೆ ಇಲ್ಲೇ ಬೆಳೆಯುತ್ತವೆ, ಜತೆಗೆ ಸೊಪ್ಪು ಕೊಟ್ಟರೆ ಒಳ್ಳೆಯದು. ಪಂಜರ ಮಾತ್ರ ಅಡುಗೆಮನೆಯಲ್ಲಿ ಬೇಡ: ನಾನ್‌ಸ್ಟಿಕ್ ತವಾ ಅತಿಯಾಗಿ ಕಾದಾಗ ಬರುವ ಹೊಗೆ ಕೆಲವೇ ನಿಮಿಷದಲ್ಲಿ ಹಕ್ಕಿಯನ್ನು ಕೊಲ್ಲಬಲ್ಲದು.

ಬೇಗ ಮಾತು ಕಲಿಯಲಿ ಅಂತ ಒಂದನ್ನೇ ಸಾಕುವವರು ಹೆಚ್ಚು. ಕಲಿಯಲೂಬಹುದು. ಆದರೆ ಅದು ಜತೆಗಾರರಿಲ್ಲದೆ ಮನೆಯವರನ್ನೇ ಬಳಗ ಮಾಡಿಕೊಂಡ ಹಕ್ಕಿಯ ಮಾತು. ಮಕ್ಕಳು ಶಾಲೆಗೆ, ದೊಡ್ಡವರು ಕೆಲಸಕ್ಕೆ ಹೋದರೆ ಇಡೀ ಹಗಲು ಅದಕ್ಕೆ ಯಾರೂ ಇಲ್ಲ. ಪಂಜರಕ್ಕೆ ಕನ್ನಡಿ ಕಟ್ಟಿದರೆ ಆ ಕೊರತೆ ತುಂಬುವುದಿಲ್ಲ.

ಬಜರಿಗರ್ ಸಾಕಲು ಕಾನೂನಿನ ಅಡ್ಡಿಯಿಲ್ಲ. ತೆಲುಗಿನವರು ಚಿಲುಕ ಅನ್ನುವ ಊರ ಗಿಳಿಯದು ಬೇರೆ ಮಾತು. ಪೊಟರೆಯಿಂದ ಅದರ ಮರಿ ತೆಗೆಯುವುದು, ಮಾರುವುದು, ಸಾಕುವುದು ಎಲ್ಲವೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಹಕ್ಕಿ ಪ್ರೀತಿಗೆ ಪಂಜರವೇ ಬೇಕಂತಿಲ್ಲ; ಚಿಲಮತ್ತೂರು ಮಂಡಲದ ವೀರಾಪುರಂನವರು ಊರ ಮರಗಳಲ್ಲಿ ಗೂಡು ಕಟ್ಟುವ ಬಣ್ಣದ ಕೊಕ್ಕರೆಗಳನ್ನು ಹಾಗೇ ಕಾಯುತ್ತಾ ಬಂದಿದ್ದಾರೆ.

ಹಾಗಂತ ಬಜರಿಗರ್ ಪಂಜರದ ಬಾಗಿಲು ತೆಗೆದು ಪುಣ್ಯ ಕಟ್ಟಿಕೊಳ್ಳಲು ಹೋಗಬಾರದು. ಪಂಜರದಲ್ಲೇ ಹುಟ್ಟಿದ್ದಕ್ಕೆ ಮೇವು ಹುಡುಕಲು ಬಾರದು, ಕಾಗೆಗಳೂ ಬಿಡುವುದಿಲ್ಲ. ಒಂಟಿ ಹಕ್ಕಿ ಇರುವವರು ಅಡ್ಡಗಲದ ದೊಡ್ಡ ಪಂಜರ ನೋಡಿ ಇನ್ನೊಂದನ್ನು ತರಲಿ. ಬಂದದ್ದನ್ನು ಮೊದಲು ಕೆಲವು ವಾರ ಬೇರೆ ಕೋಣೆಯಲ್ಲಿಟ್ಟು, ಕಾಯಿಲೆಯಿಲ್ಲ ಅಂತ ಗೊತ್ತಾದ ಮೇಲೆ ಕೂಡಿಸಲಿ.