ಕೈಗೆಟುಕುವ ಮನೆ: ಯಾರ ಕೈಗೆ?

ಈಚಿನ ಕನ್ನಡದಲ್ಲಿ ಅತಿ ಹೆಚ್ಚು ಸುಳ್ಳು ಹೇಳುತ್ತಿರುವ ಮಾತು ಯಾವುದೆಂದು ಕೇಳಿದರೆ ‘ಕೈಗೆಟುಕುವ ಮನೆ’ ಎನ್ನುತ್ತೇನೆ. ನಾನು ಹೊಸದುರ್ಗ ತಾಲ್ಲೂಕಿನ ಬಾಗೂರಿನವನು, ಎಂಟು ವರ್ಷಗಳಿಂದ ಬೆಂಗಳೂರಿನ ವೈಟ್‌ಫೀಲ್ಡ್ ಬಳಿ ಬಾಡಿಗೆಗಿದ್ದೇನೆ. ನಮ್ಮೂರಲ್ಲಿ ಎಟುಕುವುದೆಂದರೆ ಅಟ್ಟದ ಮೇಲಿನ ಡಬ್ಬ. ತುಸು ಹಿಮ್ಮಡಿ ಎತ್ತಿದರೆ ಸಿಗಬೇಕು. ಇಲ್ಲಿ ಏಣಿ ಹಾಕಿದರೂ ಸಿಗದ್ದಕ್ಕೆ ಆ ಹೆಸರು.

ಸರ್ಕಾರದ ಲೆಕ್ಕವನ್ನೇ ನೋಡಿ. 2019ರ ಏಪ್ರಿಲ್‌ನಲ್ಲಿ ಬಂದ ಜಿಎಸ್‌ಟಿ ನಿಯಮದಂತೆ, ಬೆಂಗಳೂರಿನಂಥ ಮಹಾನಗರದಲ್ಲಿ ಬೆಲೆ 45 ಲಕ್ಷ ರೂಪಾಯಿ ಮತ್ತು ಒಳವಿಸ್ತೀರ್ಣ 60 ಚದರ ಮೀಟರ್ ಮೀರದ ಮನೆ ‘ಕೈಗೆಟುಕುವ’ ಮನೆ. 9 ಲಕ್ಷ ಕೈಯಿಂದ ಹಾಕಿ, ಉಳಿದ 36 ಲಕ್ಷಕ್ಕೆ ಶೇ. 9ರ ಬಡ್ಡಿಯಲ್ಲಿ 20 ವರ್ಷದ ಸಾಲ ಮಾಡಿದರೆ ತಿಂಗಳ ಕಂತು ಸುಮಾರು 32 ಸಾವಿರ. 30 ಸಾವಿರ ದುಡಿಯುವ ಕ್ಯಾಬ್ ಚಾಲಕ ಉಪವಾಸವಿದ್ದರೂ ಇದನ್ನು ಕಟ್ಟಲಾರ. ಇನ್ನು ನಮ್ಮ ಏರಿಯಾದಲ್ಲಿ ನಾನು ದಿನಾ ನೋಡುವ ಅಪಾರ್ಟ್‌ಮೆಂಟ್ ಜಾಹೀರಾತುಗಳಲ್ಲಿ ಮಾತು ಶುರುವಾಗುವುದೇ ಕೋಟಿಯಿಂದ.

ಮಾರುಕಟ್ಟೆ ಬೆಲೆ, ಯಾರೇನು ಮಾಡಲಾಗುತ್ತೆ ಎನ್ನುವವರಿದ್ದಾರೆ. ಆ ಬೆಲೆ ಆಕಾಶದಿಂದ ಉದುರಿದ್ದಲ್ಲ. 1882ರಲ್ಲಿ ವೈಟ್‌ಫೀಲ್ಡ್ ಹುಟ್ಟಿದ್ದೇ ಮೈಸೂರು ಮಹಾರಾಜರು ಆಂಗ್ಲೋ-ಇಂಡಿಯನ್ ಕುಟುಂಬಗಳಿಗೆ ನೆಲೆಗೆಂದು ಕೊಟ್ಟ ಭೂಮಿಯ ಮೇಲೆ. ತೊಂಬತ್ತರ ದಶಕದಲ್ಲಿ ಐಟಿ ಪಾರ್ಕ್ ಬಂತು, ಅದರಲ್ಲೂ ಸರ್ಕಾರದ ಕೈಯಿತ್ತು. 2023ರ ಮಾರ್ಚ್‌ನಲ್ಲಿ ಮೆಟ್ರೊ ಬಂತು. ಅದರ ಖರ್ಚಿನಲ್ಲಿ ಬಾಗೂರಿನ ಅಂಗಡಿಯಲ್ಲಿ ಸೋಪು ಕೊಂಡವರ ತೆರಿಗೆಯೂ ಸೇರಿದೆ. ಹಳಿ ಬಿದ್ದ ಕಡೆ ಸೈಟಿನ ಬೆಲೆ ಏರುತ್ತದೆ. ಏರಿದ ಲಾಭ ನೆಲದ ಒಡೆಯನಿಗೆ, ಏರಿದ ಬಾಡಿಗೆ ನಮಗೆ. ಖರ್ಚು ಎಲ್ಲರದು, ಗಳಿಕೆ ಕೆಲವರದು. ಇದನ್ನು ಮಾರುಕಟ್ಟೆ ಎಂದು ಕರೆದು ಸುಮ್ಮನಾಗಲು ನಾನು ಸಿದ್ಧನಿಲ್ಲ.

ಬಾಡಿಗೆದಾರನ ಕಥೆ ಬೇರೆ. ಬೆಂಗಳೂರಿನ ರೂಢಿ ಹತ್ತು ತಿಂಗಳ ಅಡ್ವಾನ್ಸ್. 22 ಸಾವಿರ ಬಾಡಿಗೆಯ ಮನೆಗೆ 2 ಲಕ್ಷ 20 ಸಾವಿರ ಬಡ್ಡಿಯಿಲ್ಲದೆ ಇನ್ನೊಬ್ಬರ ಜೇಬಿನಲ್ಲಿ. ನನ್ನ ಹಿಂದಿನ ಮನೆಯ ಓನರ್ ಖಾಲಿ ಮಾಡುವಾಗ ಪೇಂಟಿಂಗ್ ಎಂದು ಒಂದು ತಿಂಗಳ ಬಾಡಿಗೆ ಮುರಿದುಕೊಂಡರು. ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳಿಗಿಂತ ಹೆಚ್ಚು ಠೇವಣಿ ಕೇಳಬಾರದು ಎನ್ನುತ್ತದೆ. ಆದರೆ ಅದು ಮಾದರಿ ಮಾತ್ರ, ರಾಜ್ಯಗಳು ಒಪ್ಪಿ ಕಾನೂನು ಮಾಡಿದರಷ್ಟೇ ಜಾರಿ.

‘ಆಗದಿದ್ದರೆ ಹೊಸಕೋಟೆಗೋ ಮಾಲೂರಿಗೋ ಹೋಗಿ’ ಎಂಬ ಬುದ್ಧಿಮಾತು ಸುಲಭ. ಹೋದವರಿದ್ದಾರೆ. ಬೆಳಿಗ್ಗೆ ಏಳಕ್ಕೆ ಅಡುಗೆಗೆ ಬರುವ ಅಕ್ಕ, ರಾತ್ರಿ ಪಾಳಿಯ ಸೆಕ್ಯುರಿಟಿ ಅಣ್ಣ ದೂರದಿಂದಲೇ ಬರುತ್ತಾರೆ. ಬಾಡಿಗೆಯಲ್ಲಿ ಉಳಿಸಿದ್ದನ್ನು ಬಸ್ಸಿಗೂ ನಿದ್ದೆಗೂ ತೆರುತ್ತಾರೆ. ಗೋಪುರಗಳನ್ನು ಕಟ್ಟಿದ ಗಾರೆಯವರಂತೂ ಕೆಲಸ ಮುಗಿದ ದಿನ ತಗಡಿನ ಶೆಡ್ಡನ್ನೂ ಬಿಚ್ಚಿಕೊಂಡು ಹೊರಡಬೇಕು.

ಹೆಚ್ಚು ಮನೆ ಕಟ್ಟಿದರೆ ಬೆಲೆ ಇಳಿಯುತ್ತದೆ ಎಂಬ ವಾದದಲ್ಲಿ ಹುರುಳಿದೆ. ಮನೆಗಳು ಬೇಕೇ ಬೇಕು. ಆದರೆ ಕಟ್ಟುತ್ತಿರುವುದೆಲ್ಲ ಕ್ಲಬ್‌ಹೌಸು, ಈಜುಕೊಳದ ಮನೆಗಳಾದರೆ ಅಡುಗೆಯ ಅಕ್ಕನ ಸಾಲು ಒಂದಡಿಯೂ ಮುಂದೆ ಸರಿಯದು. ನನ್ನ ಬೇಡಿಕೆ ಮೂರೇ. ಎರಡು ತಿಂಗಳ ಅಡ್ವಾನ್ಸಿನ ಮಿತಿ ಕರ್ನಾಟಕದಲ್ಲಿ ಕಾನೂನಾಗಲಿ. ಮೆಟ್ರೊ ನಿಲ್ದಾಣಗಳ ಪಕ್ಕದ ಸರ್ಕಾರಿ ಜಾಗದಲ್ಲಿ ಮಾರಾಟಕ್ಕಲ್ಲ, ಬಾಡಿಗೆಗೆ ಸಣ್ಣ ಮನೆಗಳು ಏಳಲಿ. ಬೆಲೆ ಏರಲೆಂದು ಬೀಗ ಹಾಕಿಟ್ಟ ಫ್ಲ್ಯಾಟುಗಳಿಗೆ ಹೆಚ್ಚು ತೆರಿಗೆ ಬೀಳಲಿ.

ಸಾಹಿತ್ಯ ಓದುವ ನಿಮಗೆ ಇದರಲ್ಲೇನು ಎನಿಸಬಹುದು. ಪದಗಳ ಕಾವಲು ನಿಮ್ಮದೇ ಕೆಲಸವಲ್ಲವೇ? ಮುಂದಿನ ಸಲ ಯಾರಾದರೂ ‘ಕೈಗೆಟುಕುವ’ ಎಂದಾಗ ತಿಂಗಳ ಸಂಬಳ ಎಷ್ಟಿರುವ ಕೈಗೆ ಎಂದು ಕೇಳಿ. ಉತ್ತರ ರೂಪಾಯಿಯಲ್ಲೇ ಬರಲಿ.