ಹೊಸ ಬಣ್ಣ ಬರಲಿ, ಹಳೆಯ ತಳಿಯೂ ಉಳಿಯಲಿ

ನಮ್ಮ ಸೀಮೆಯಲ್ಲಿ ಕೋಳಿಯ ಬಣ್ಣಕ್ಕಿರುವ ಮರ್ಯಾದೆ ಸಣ್ಣದಲ್ಲ. ಬೊಳ್ಳೆ, ಕಾವೆ, ಕೆಮ್ಮೈರೆ, ಕಕ್ಕೆ ಎಂದು ತುಳುವಿನಲ್ಲಿ ಬಣ್ಣಕ್ಕೊಂದು ಹೆಸರೇ ಇದೆ. ಆದುದರಿಂದ ಶುದ್ಧ ತಳಿಯ ಕೋಳಿಗಳಲ್ಲಿಯೂ ಹೊಸ ಬಣ್ಣ ತರಬೇಕೆಂಬ ಉತ್ಸಾಹ ಸಾಕುವವರಲ್ಲಿ ಮೂಡುವುದು ಸಹಜ. ಅದು ತಪ್ಪಲ್ಲ. ಆದರೆ ಎರಡು ಬಣ್ಣದ ಕೋಳಿಗಳನ್ನು ಕೂಡಿಸಿ, ಹುಟ್ಟಿದ ಚೆಂದದ ಮರಿಗಳನ್ನು ಮರುವರ್ಷವೇ ‘ಹೊಸ ತಳಿ’ಯೆಂದು ಮಾರುವುದು ಮಾತ್ರ ಸರಿಯಲ್ಲವೆಂದು ನನ್ನ ಅಭಿಪ್ರಾಯ.

ಗರಿಯಲ್ಲಿ ಕಾಣುವ ಬಣ್ಣವೇ ರಕ್ತದಲ್ಲಿಯೂ ಇರುತ್ತದೆಂದು ಹೇಳಲಾಗದು. ಮೆಂಡೆಲನು ಬಟಾಣಿಯಲ್ಲಿ ಕಂಡ ನಿಯಮ ಕೋಳಿಗೂ ಸಲ್ಲುತ್ತದೆಂದು ಇಂಗ್ಲೆಂಡಿನ ಬೇಟ್ಸನ್ ೧೯೦೨ರಲ್ಲಿಯೇ ತೋರಿಸಿದನು. ಮಣ್ಣುತ್ತಿಯಲ್ಲಿ ರೂಪಿಸಿದ ಗ್ರಾಮಲಕ್ಷ್ಮಿಯನ್ನೇ ನೋಡಿ. ತಂದೆ ಕಪ್ಪು ಆಸ್ಟ್ರಲಾರ್ಪ್, ತಾಯಿ ಬಿಳಿ ಲೆಗ್‌ಹಾರ್ನ್. ಮಕ್ಕಳು ಬಿಳಿ, ಅಲ್ಲಲ್ಲಿ ಕಪ್ಪು ಚುಕ್ಕೆ. ಕಪ್ಪು ಹೋಗಲಿಲ್ಲ, ಅಡಗಿತು. ಮುಂದಿನ ತಲೆಯಲ್ಲಿ ಮತ್ತೆ ತಲೆಯೆತ್ತುತ್ತದೆ. ಆಂಡಲೂಸಿಯನ್ ಎಂಬ ನೀಲಿ ಕೋಳಿಯ ಕಥೆ ಇನ್ನೂ ವಿಚಿತ್ರ. ನೀಲಿಗೆ ನೀಲಿಯನ್ನೇ ಕೂಡಿಸಿದರೂ ಸರಾಸರಿ ೪ ಮರಿಗಳಲ್ಲಿ ೨ ಮಾತ್ರ ನೀಲಿ. ಒಂದು ಕಪ್ಪು, ಒಂದು ಮಾಸಲು ಬಿಳಿ. ಕೆಲವು ಬಣ್ಣಗಳು ಎಷ್ಟು ತಲೆಮಾರು ಕಳೆದರೂ ನೆಲೆ ನಿಲ್ಲುವುದಿಲ್ಲ.

ಈಗ ನಮ್ಮ ಉತ್ತರ ಮಲಬಾರಿನ ತಲಶ್ಶೇರಿ ಕೋಳಿಯ ವಿಷಯ. ಕಪ್ಪು ಗರಿ, ಅದರ ಮೇಲೆ ನೀಲಿ ಹೊಳಪು. ಕರ್ನಾಲಿನ ರಾಷ್ಟ್ರೀಯ ಸಂಸ್ಥೆಯು ತಳಿಯೆಂದು ದಾಖಲಿಸಿರುವ ಕೋಳಿಯಿದು. ಇದರಲ್ಲಿ ಬೇರೆ ಬಣ್ಣ ಬೇಕೆನ್ನುವವರು ಹೊರಗಿನ ಹುಂಜವನ್ನು ಒಮ್ಮೆ ಮಾತ್ರ ಕೂಡಿಸಬೇಕು. ಬೇಕಾದ ಬಣ್ಣದ ಮರಿಗಳನ್ನು ಆರಿಸಿ, ಪುನಃ ಪುನಃ ಶುದ್ಧ ತಲಶ್ಶೇರಿಗೇ ಕೊಡಬೇಕು. ಹೊರಗಿನ ರಕ್ತ ಮೊದಲು ಅರ್ಧ, ಆಮೇಲೆ ಕಾಲು, ಅರೆಕಾಲು, ನಾಲ್ಕನೆಯ ತಲೆಗೆ ಹದಿನಾರರಲ್ಲೊಂದು ಪಾಲು. ತಲೆಗೊಂದು ವರ್ಷವಾದರೂ ಬೇಕು. ಬಳಿಕ ಆ ಬಣ್ಣದವುಗಳನ್ನೇ ತಮ್ಮೊಳಗೆ ಕೂಡಿಸಿ, ಬೇರೆ ಬಣ್ಣದ ಮರಿ ಹುಟ್ಟದ ಜೋಡಿಗಳನ್ನು ಆರಿಸಬೇಕು. ಅಣ್ಣ-ತಂಗಿಯರನ್ನೇ ಮೇಲಿಂದ ಮೇಲೆ ಕೂಡಿಸಿದರೆ ಮೊಟ್ಟೆ ಒಡೆಯುವುದು ಕಡಿಮೆಯಾಗಿ, ಮರಿಗಳು ಬಲಗುಂದುತ್ತವೆ. ಆದ್ದರಿಂದ ಎರಡು ಮೂರು ಮನೆಯವರು ಸೇರಿ ಹುಂಜಗಳನ್ನು ಬದಲಾಯಿಸಿಕೊಳ್ಳುವುದು ಲೇಸು.

ಕಾಲಿಗೊಂದು ಗುರುತಿನ ಬಳೆ, ಮನೆಯಲ್ಲೊಂದು ಪುಸ್ತಕ ಇರಲೇಬೇಕು. ಹುಂಜವನ್ನು ಬೇರ್ಪಡಿಸಿದ ಮೇಲೂ ಎರಡು ಮೂರು ವಾರ ಹೇಂಟೆಯ ಮೊಟ್ಟೆಯಲ್ಲಿ ಅದರದೇ ಮರಿ ಹುಟ್ಟಬಹುದು. ಒಂದು ತಿಂಗಳು ಕಾದು ಮೊಟ್ಟೆಯನ್ನು ಕಾವಿಗಿಡದಿದ್ದರೆ ಬರೆದ ಲೆಕ್ಕವೆಲ್ಲ ಸುಳ್ಳಾಗುತ್ತದೆ.

ಅರೆಬೆರಕೆ ಮರಿಗಳನ್ನು ತಲಶ್ಶೇರಿಯೆಂದು ಮಾರಿದರೆ ಕೊಂಡವರ ಹಿತ್ತಿಲಲ್ಲಿ ಅವು ಶುದ್ಧ ಕೋಳಿಗಳೊಡನೆ ಬೆರೆಯುತ್ತವೆ. ಕೆಲವೇ ವರ್ಷಗಳಲ್ಲಿ ಶುದ್ಧ ತಳಿ ಯಾರ ಮನೆಯಲ್ಲಿಯೂ ಉಳಿಯದು. ಆಗ ಹೊಸ ಬಣ್ಣದ ಕೆಲಸವೂ ಅರ್ಧಕ್ಕೇ ನಿಲ್ಲುತ್ತದೆ. ಮರಳಿ ಕೂಡಿಸಲು ಶುದ್ಧ ಕೋಳಿ ಎಲ್ಲಿಂದ ತರುವುದು?

ಆದುದರಿಂದ ಮಂಜೇಶ್ವರ, ಕುಂಬಳೆ, ಬದಿಯಡ್ಕ ಕಡೆಯ ರೈತಬಂಧುಗಳಲ್ಲಿ ನನ್ನ ವಿನಂತಿ ಇಷ್ಟೆ: ಊರಿಗೆ ನಾಲ್ಕು ಮನೆಯವರಾದರೂ ಕಪ್ಪು ತಲಶ್ಶೇರಿಯನ್ನು ಬೆರಕೆಯಿಲ್ಲದೆ ಸಾಕಿರಿ. ಬಣ್ಣದ ಪ್ರಯೋಗ ಮಾಡುವವರು ಅದನ್ನು ಬೇರೆ ಗೂಡಿನಲ್ಲಿ ನಡೆಸಿ, ಬಣ್ಣ ನೆಲೆನಿಲ್ಲುವವರೆಗೆ ಮರಿಗಳನ್ನು ‘ಬೆರಕೆ’ ಎಂದೇ ಹೇಳಿ ಮಾರಿರಿ.